ಸೆನ್ಸಾರಿನವರು ಕತ್ತರಿಸಿದ ಊಟ

ಸತ್ಯನಾರಾಯಣ ಪೂಜೆ ಮುಗಿದು ಬಂದವರೆಲ್ಲ ಹೊರಡುವ ತನಕ ತಮ್ಮನನ್ನು ಎಲ್ಲಾದರೂ ಹೊರಗೆ ಇಟ್ಟುಕೊಂಡಿರಬೇಕು. ಅಮ್ಮ ಕವನಾಳಿಗೆ ಒಪ್ಪಿಸಿದ ಕೆಲಸ ಇದು. ಹದಿನೆಂಟರ ವರುಣ್ ಬೇಸಿಗೆಯಲ್ಲಿ ಗೆಳೆಯರ ಜೊತೆ ಸೇರಿ ಸಿಯಾಟಲ್ ಹತ್ತಿರದ ಟೋಟೆಮ್ ಲೇಕ್‌ನಲ್ಲಿ ಯಾರದೋ ಕಾರು ಕದ್ದು ಓಡಿಸಿ ಸಿಕ್ಕಿಬಿದ್ದಿದ್ದ. ಕೋರ್ಟು ಬುದ್ಧಿ ಹೇಳಿ ಬಿಟ್ಟಿತ್ತು, ಅಮ್ಮ ಬಿಟ್ಟಿರಲಿಲ್ಲ. ಕೇಳಿದವರಿಗೆಲ್ಲ, "ಓಹಾಯೋದಲ್ಲಿ ಮಾವನ ಮನೇಲಿದಾನೆ" ಎನ್ನುತ್ತಿದ್ದಳು. ಶನಿವಾರ ಬಂತೆಂದರೆ ಮನೆಗೆ ಯಾರಾದರೂ ಬರುವರು, ಅಕ್ಕ ತಮ್ಮ ಹೊರಗೆ. ಮಾಲ್ ಆಗಿತ್ತು, ಲೈಬ್ರರಿ ಆಗಿತ್ತು, ಡುವಾಲ್‌ವರೆಗೆ ಹೋಗಿ ಸುಮ್ಮನೆ ಕುಂಬಳಕಾಯಿ ಹೊಲ ನೋಡಿ ಬಂದದ್ದೂ ಆಗಿತ್ತು. ಕವನಾಳಿಗೆ ಸಾಕಾಗಿತ್ತು.

ಈ ಸಲ ಸಿಯಾಟಲ್‌ನ ಹಳೇ ಥಿಯೇಟರು. ಅರವತ್ತು ವರ್ಷದ ಹಿಂದಿನ ಸ್ಪ್ಯಾನಿಷ್ ಚಿತ್ರವೊಂದನ್ನು ದುರಸ್ತಿ ಮಾಡಿ, ಆಗ ಸೆನ್ಸಾರಿನವರು ಕಿತ್ತುಹಾಕಿದ್ದ ಭಾಗವನ್ನೂ ಹುಡುಕಿ ಸೇರಿಸಿದ್ದರು. ಬಂದರಿನಲ್ಲಿ ಕಾಫಿ ಮೂಟೆ ಕದಿಯುವ ಪೋಲಿ ಹುಡುಗರ ಕಥೆ ಅದು ಎಂದು ಗೊತ್ತಾದದ್ದು ಟಿಕೆಟ್ ತೆಗೆದುಕೊಂಡ ಮೇಲೆ.

"ವಾವ್ ಅಕ್ಕಾ. ನಂಗೇ ಪಾಠನಾ? ಸೋ ಸಟಲ್," ಎಂದ ವರುಣ್.

"ನಂಗೊತ್ತಿರ್ಲಿಲ್ಲ ಕಣೋ, ಪ್ರಾಮಿಸ್."

"ಇಟ್ಸ್ ಫೈನ್. ಓಹಾಯೋದಲ್ಲಿ ಟೈಮ್‌ಪಾಸ್ ಆಗ್ಬೇಕಲ್ಲ."

ಚಿತ್ರಕ್ಕೆ ಮೊದಲು ಮುದುಕ ನಿರ್ದೇಶಕನ ಸಂದರ್ಶನ ತೋರಿಸಿದರು. ಕಳ್ಳತನಗಳನ್ನೆಲ್ಲ ಸೆನ್ಸಾರಿನವರು ಹಾಗೇ ಬಿಟ್ಟಿದ್ದರಂತೆ. ತೆಗೆಸಿದ್ದು, ಕದ್ದ ಹುಡುಗ ಮನೆಗೆ ಬಂದು ತಾಯಿ ಬಡಿಸಿದ್ದನ್ನು ಉಣ್ಣುವ ದೃಶ್ಯ. ಕಳ್ಳನಿಗೂ ಒಂದು ಮನೆ ಇದೆಯೆಂದು ಜನಕ್ಕೆ ಗೊತ್ತಾಗಬಾರದಿತ್ತು ಎಂದು ಆತ ದಣಿದ ನಗೆ ನಕ್ಕ.

ಆ ದೃಶ್ಯ ಬಂದಾಗ ನೋಡಿದರೆ ವಿಶೇಷವೇನೂ ಇಲ್ಲ. ಹುಡುಗ ಸೂಪು ಕುಡಿದ, ತಾಯಿ ಬ್ರೆಡ್ಡು ಮುರಿದು ಕೊಟ್ಟಳು. ಆದರೂ ಕವನಾಳಿಗೆ ಪಕ್ಕಕ್ಕೆ ತಿರುಗಿ ತಮ್ಮನ ಮುಖ ನೋಡಲಾಗಲಿಲ್ಲ.

ಹೊರಗೆ ಬರುವಷ್ಟರಲ್ಲಿ ಅಮ್ಮನ ಮೆಸೇಜು: ಇನ್ನೂ ಇದಾರೆ, ಅಲ್ಲೇ ಏನಾದ್ರೂ ತಿನ್ಕೊಳ್ಳಿ.

"ಪಿಟ್ಜಾ?" ಎಂದ ವರುಣ್.

ಕವನಾ ಕಾರನ್ನು ಮನೆ ಕಡೆ ತಿರುಗಿಸಿದಳು. ಧೈರ್ಯವೇನೂ ಅಲ್ಲ; ಇನ್ನೊಂದು ಪಾರ್ಕಿಂಗ್ ಲಾಟಿನಲ್ಲಿ ಕೂತು ಹೊತ್ತು ಕಳೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಸಮಾಮಿಶ್‌ನಲ್ಲಿ ಅವರ ಮನೆ ಮುಂದೆ ಸಾಲಾಗಿ ಕಾರುಗಳು. ವರುಣ್ ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. "ಅವ್ರು ಹೋದ್ಮೇಲೆ ಟೆಕ್ಸ್ಟ್ ಮಿ."

ಬಾಗಿಲಲ್ಲೇ ಅಮ್ಮ ಅಡ್ಡ ನಿಂತಳು. "ಯಾಕೇ ಬಂದೆ? ಅವನೆಲ್ಲಿ?"

"ಕಾರಲ್ಲಿ."

"ಅಲ್ಲೇ ಇರ್ಲಿ ಸ್ವಲ್ಪ ಹೊತ್ತು. ನಿನ್ ದಮ್ಮಯ್ಯ ಕಣೇ."

ಒಳಗಿನಿಂದ ಪಕ್ಕದ ಬೀದಿಯ ದೇವೀರಮ್ಮ ಆಂಟಿ ಕತ್ತು ಚಾಚಿದರು. "ಯಾರೇ ಕವನಾ ಕಾರಲ್ಲಿ? ಒಳಗೆ ಕರಿಯೇ, ಪ್ರಸಾದ ತಗೊಳ್ಲಿ!"

ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ತಡವರಿಸುವ ಹುಡುಗಿ ಅವಳು. ಈಗಲೂ ತಡವರಿಸಿದಳು. "ವರುಣ್, ಆಂಟಿ. ಅವ್ನು... ಎಲ್ಲೂ ಹೋಗಿರ್ಲಿಲ್ಲ. ಇಲ್ಲೇ ಇದ್ದ. ಊಟ ಆಗಿಲ್ಲ ಅವನ್ದು."

ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಅಪ್ಪ ರಮೇಶ್ ಪಂಚೆ ಸರಿಮಾಡಿಕೊಂಡು ಎದ್ದವರು, ಯಾರದೋ ಚಪ್ಪಲಿ ಮೆಟ್ಟಿ ಕಾರಿನ ಬಳಿ ಹೋದರು. ಗಾಜು ತಟ್ಟಿದರು.

"ಬಾರೋ," ಎಂದರು. ಅಷ್ಟೇ.

ವರುಣ್ ತಲೆ ತಗ್ಗಿಸಿ ಒಳಬಂದ. ಏನು ಹೇಳಬೇಕೆಂದು ತೋಚದೆ ದೇವೀರಮ್ಮ ಆಂಟಿ, "ಅಯ್ಯೋ, ಎಷ್ಟುದ್ದ ಆಗಿದೀಯೋ! ಓಹಾಯೋ ನೀರು ಚೆನ್ನಾಗಿ ಹಿಡ್ದಿದೆ," ಎಂದುಬಿಟ್ಟರು. ಯಾರೋ ಕೆಮ್ಮಿದರು. ಇನ್ಯಾರೋ ಸರಿದು ಜಾಗ ಬಿಟ್ಟರು.

ತಟ್ಟೆ ತರಲು ಹೊರಟ ಅಮ್ಮ ಕವನಾಳ ಪಕ್ಕ ನಿಂತಳು. "ನಾಳೆ ಫೋನ್ ಮೇಲೆ ಫೋನ್ ಬರುತ್ತೆ. ಒಂದೊಂದನ್ನೂ ನೀನೇ ಎತ್ತಿ ಮಾತಾಡು."

"ಆಯ್ತಮ್ಮ," ಎಂದು ಕವನಾ ಅಲ್ಲೇ ಗೋಡೆಗೊರಗಿ ಕೂತಳು.