ಚಿಕ್ಕಬೀರಮ್ಮನ ಹೆಬ್ಬೆಟ್ಟು

"ಬೋಳಿಮಗನೆ, ನಿನ್ನ ಎಂಡ್ತಿ ಎಸ್ರು ಮೈಸೂರು ಸಭೇಲಿ ಓದೋ ಅಂಗೆ ಮಾಡಿದ್ದೀಯಲ್ಲ, ಯಾವನ್ಲಾ ನಿಂಗೆ ಏಳ್ಕೊಟ್ಟೋನು?"

ಪಟೇಲ ಶಿವನಂಜಪ್ಪ ಚಾವಡಿಯ ಜಗುಲಿ ಮೇಲೆ ಕೂತು ಉಗಿಯುತ್ತಿದ್ದ. ಸಣ್ಣಬೀರಯ್ಯ ಬಗಲಲ್ಲಿ ಟಪಾಲು ಚೀಲ ಹಾಕಿಕೊಂಡೇ ಅಂಗಳದ ಬಿಸಿಲಲ್ಲಿ ನಿಂತಿದ್ದ. ಪಟೇಲನನ್ನು ಕೆರಳಿಸಿದ ಆ ಕಾಗದವನ್ನು ಅಂತರಸಂತೆಯಿಂದ ಹೊತ್ತು ತಂದವನೂ ಅವನೇ. ಅವನು ಊರ ತೋಟಿ; ಕೂಲಿಯಿಲ್ಲದೆ ಟಪಾಲು ಹೊರುವುದು ಅವನ ಮನೆತನಕ್ಕೆ ಅಂಟಿದ ಬಿಟ್ಟಿ. ಚೀಲದಲ್ಲಿ ಏನಿದೆಯೆಂದು ತಿಳಿಯಲು ಅಕ್ಷರ ಬರಬೇಕಲ್ಲ.

"ಸಂತೇಲಿ ಯಾರೋ ವಕೀಲ್ರು ಕೇಳುದ್ರು ಬುದ್ದಿ. ನಡ್ದುದ್ದು ಏಳ್ದೆ."

ಆ ವಕೀಲರು ಮೈಸೂರಲ್ಲಿ ದಸರಾಕ್ಕೆ ಸೇರುವ ಪ್ರಜಾಪ್ರತಿನಿಧಿ ಸಭೆಯ ಮೆಂಬರು. ಅವರು ಬರೆದು ಕೇಳಿದ ಪ್ರಶ್ನೆಯನ್ನು ಪಟೇಲನ ಪಕ್ಕದಲ್ಲಿದ್ದ ಶಾನುಭೋಗರು ಓದಿದರು: 'ಶಿಕಾರಿ ಕ್ಯಾಂಪಿನ ಸಾಮಾನನ್ನು ಕೂಲಿಯಿಲ್ಲದೆ ಹೊರಿಸಿದ್ದೂ, ಜ್ವರದಲ್ಲಿದ್ದ ಚಿಕ್ಕಬೀರಮ್ಮ ಎಂಬುವಳು ದಾರಿಯಲ್ಲೇ ಸತ್ತದ್ದೂ ಸರ್ಕಾರದ ಗಮನಕ್ಕೆ ಬಂದಿದೆಯೇ?' ಸರ್ಕಾರ ಅಮಲ್ದಾರರನ್ನು ಕೇಳಿತ್ತು, ಅಮಲ್ದಾರರು ಶೇಕ್ದಾರರನ್ನು, ಶೇಕ್ದಾರರು ಇದೇ ಪಟೇಲನನ್ನು. ಹೊರಿಸಿದವನನ್ನೇ ಕೇಳಿದ್ದರು, ಇನ್ನೇನು ಬೇಕು!

ಹೆಂಡತಿ ಹೋದ ಮೇಲೆ ಸಣ್ಣಬೀರಯ್ಯನಿಗೆ ಹಸಿವೂ ಇರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಹೊರೆ ಹೊತ್ತು ಸತ್ತಳೆಂದು ಒಂದು ಕಾಗದವಾದರೂ ಹೇಳಲಿ ಅನ್ನುವ ಆಸೆ ಮಾತ್ರ ಎಲ್ಲೋ ಉಳಿದಿತ್ತು.

"ಸತ್ತಿಲ್ಲ ಅಂತ ನಾವು ಬರೆದರೆ ಸಾಲದು ಪಟೇಲರೇ. ಅವಳದೇ ಹೇಳಿಕೆ ಬೇಕಂತೆ," ಅಂದರು ಶಾನುಭೋಗರು.

ಪಟೇಲ ಕೊಟ್ಟಿಗೆಯ ಕಡೆ ಕೂಗಿದ. ಸಗಣಿ ಬಾಚುತ್ತಿದ್ದ ಮರಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಚಿಕ್ಕಬೀರಮ್ಮನ ಒಡಹುಟ್ಟಿದ ತಂಗಿ. ಶಾನುಭೋಗರು ಮುಟ್ಟಿಸಿಕೊಳ್ಳದೆ, ಮಸಿಯ ಬಟ್ಟೆಯನ್ನು ಕಡ್ಡಿಯಲ್ಲಿ ಅವಳತ್ತ ನೂಕಿ ಓದಿದರು: 'ಚಿಕ್ಕಬೀರಮ್ಮಳಾದ ನಾನು ಜೀವಂತವಾಗಿದ್ದೇನೆ. ಕೂಲಿ ಪಡೆದೇ ಹೊತ್ತಿದ್ದೇನೆ.'

ಮರಮ್ಮ ಸಣ್ಣಬೀರಯ್ಯನ ಕಡೆ ತಿರುಗಿದಳು. "ಭಾವ..." ಅಂದಳು.

"ಒತ್ತೇ ಲೌಡಿ. ನಾಳಿಂದ ಅಟ್ಟಿ ಬುಟ್ಟು ಓಗ್ತಿಯೇನು, ಮಕ್ಳ ಕಟ್ಕೊಂಡು?" ಅಂದ ಪಟೇಲ.

"ಒತ್ಬುಡವ್ವ," ಅಂದ ಸಣ್ಣಬೀರಯ್ಯ, ನೆಲ ನೋಡುತ್ತಾ. ಅವಳು ಅಕ್ಕನ ಹೆಸರಿಗೆ ತನ್ನ ಹೆಬ್ಬೆಟ್ಟು ಒತ್ತಿದಳು.

ಕಾಗದ ಅವನ ಚೀಲಕ್ಕೇ ಬಿತ್ತು. "ಒತ್ತು ಮುಳುಗೋದ್ರೊಳಗೆ ಅಂತರಸಂತೆ ಮುಟ್ಸು."

ಅವನು ನಡೆದ. ಹೊಂಗೆಮರದ ಬುಡದಲ್ಲಿ, ಚಿಕ್ಕಬೀರಮ್ಮ ಹೊರೆ ಸಮೇತ ಕುಸಿದ ಜಾಗದಲ್ಲೇ, ಅವಳನ್ನು ಹೂತ ಮಣ್ಣಿನ ಗುಡ್ಡೆಯಿತ್ತು. ಬಗಲಿನ ಚೀಲ ತೆಗೆದು ಅದರ ಮೇಲಿಟ್ಟ. ಗಾಳಿಗೆ ಹಾರದಿರಲೆಂದು ಒಂದು ಕಲ್ಲು ಹೇರಿದ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಪಟೇಲ ಇನ್ನೂ ಜಗುಲಿಯಲ್ಲೇ ಇದ್ದ. "ಇಷ್ಟು ಬೇಗ ಬಂದ್ಯೇನ್ಲಾ? ಚೀಲ ಎಲ್ಲೋ?"

"ಚಿಕ್ಕಬೀರಿ ತಾವ ಕೊಟ್ಟಿವ್ನಿ ಬುದ್ದಿ. ಬದ್ಕವ್ಳೆ ಅಂತ ನೀವೇ ಬರ್ಸುದ್ರಲ್ಲ. ಇವತ್ತಿನ ಬಿಟ್ಟಿ ಅವಳ್ದು."

ಹೇಳಿ, ತನ್ನ ಅಪ್ಪ ತಾತ ಯಾರೂ ಹತ್ತದ ಆ ಜಗುಲಿಯನ್ನು ಹತ್ತಿ, ಪಟೇಲನ ಪಕ್ಕದಲ್ಲಿ ಕೂತು, ಮೊದಲ ಏಟಿಗಾಗಿ ಕಾದ.