ನಮ್ಮವರ ಸ್ಪೀಡ್ ಪರೀಕ್ಷೆ

ನಮ್ಮವರು, ಅಂದರೆ ಮಧುಕರರಾಯರು, ರಿಟೈರ್ ಆದಮೇಲೆ ಮನೆಯ ಇಂಟರ್‌ನೆಟ್ಟಿನ ಜವಾಬ್ದಾರಿಯನ್ನು ಯಾರೂ ಕೊಡದೆಯೇ ವಹಿಸಿಕೊಂಡರು. ಮಹಾಂತೇಶ ನಗರದ ನಮ್ಮ ಹಾಲಿನಲ್ಲಿ ನಾನು, ಪ್ರಮಿಳಾ, ಲಕ್ಷ್ಮೀ ಹೆಡ್‌ಫೋನ್ ಹಾಕಿಕೊಂಡು, ಪರದೇಶದ ಡಾಕ್ಟರರು ರೋಗಿಗಳ ಬಗ್ಗೆ ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆವು. ನಾಲ್ಕನೆಯ ಕಂಪ್ಯೂಟರ್ ಒಳಕೋಣೆಯಲ್ಲಿ, ನಮ್ಮವರದು. ಅವತ್ತು ಸಂಜೆಯೊಳಗೆ ಪುಣೆಯ ಕಂಪನಿಗೆ ನಮೂನೆ ಕೆಲಸ ಕಳಿಸಿದರೆ ಕಾಯಂ ಕೆಲಸ ನಮಗೆ, ಇಲ್ಲವಾದರೆ ಬೇರೆಯವರಿಗೆ. ಡಾಕ್ಟರರ ಧ್ವನಿಯ ಫೈಲೇ ಇಳಿಯುತ್ತಿರಲಿಲ್ಲ.

"ಕಾಕೂ, ಇದು ಮುಂದಕ್ಕ ಹೋಗವಲ್ದ್ರೀ," ಎಂದಳು ಪ್ರಮಿಳಾ.

ನಮ್ಮವರು ತಕ್ಷಣ ಹಾಜರು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸಿದ ಹಾಗೆ ವೈ-ಫೈ ಪೆಟ್ಟಿಗೆಯನ್ನು ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ದೇವರ ಮಾಡಕ್ಕೆ ಒಯ್ದರು. ಪ್ರತಿ ಸಲವೂ "ಸ್ಪೀಡ್ ನೋಡ್ತೀನಿ" ಎಂದು ಒಳಕೋಣೆಗೆ ಓಡುವುದು, ತಲೆ ಅಲ್ಲಾಡಿಸುತ್ತ ಹೊರಬರುವುದು.

"ಇನ್ನೂ ಸ್ಲೋ ಆತು. ಬಾಜು ಮನಿಯವರು ನಮ್ಮ ನೆಟ್ ಕದೀಲಿಕ್ಕತ್ತಾರ."

ಬಾಜು ಮನೆಯ ಬಸಲಿಂಗಪ್ಪನವರ ಹತ್ತಿರ ಇದ್ದದ್ದು ಒಂದು ರೇಡಿಯೊ.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಇಬ್ಬರು ಹುಡುಗಿಯರು ನನ್ನ ಮಾತು ನಂಬಿ ಇದ್ದ ನೌಕರಿ ಬಿಟ್ಟು ಬಂದಿದ್ದರು.

"ರೀ, ಖಾನಾಪುರಕ್ಕ ಹೋಗಿ ನಿಮ್ಮ ಅಕ್ಕನ ಮನಿಯಿಂದ ಬೆಣ್ಣಿ ತೊಗೊಂಡು ಬರ್ರಿ," ಎಂದೆ.

"ನಾ ಹೋದ್ರ ಇದನ್ನ ಯಾರು ನೋಡ್ಕೋಬೇಕು?"

"ದೇವರು ನೋಡ್ಕೋತಾನ. ಪೆಟ್ಟಿಗಿ ಹೆಂಗೂ ಅವನ ಬಾಜೂಕ ಕೂತದ."

ಗೊಣಗುತ್ತ ಹೋದರು. ಒಳಕೋಣೆಯ ಫ್ಯಾನ್ ಆರಿಸಲು ಹೋದೆ. ಅವರ ಕಂಪ್ಯೂಟರಿನಲ್ಲಿ ದೊಡ್ಡದೊಂದು ಫೈಲ್ ಇಳಿಯುತ್ತಲೇ ಇತ್ತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಸ್ಪೀಡ್ ಅಳೆಯಲೆಂದು ಪ್ರತಿ ಸಲವೂ ಸಿನಿಮಾದಷ್ಟು ದೊಡ್ಡ ಫೈಲ್ ಇಳಿಸಲು ಹಚ್ಚಿ, ನಿಲ್ಲಿಸದೆ ಎದ್ದು ಬಂದಿದ್ದರು ಮಹಾರಾಯರು. ಟಾಕಿಯಲ್ಲಿ ನೀರೆಷ್ಟಿದೆ ಎಂದು ನೋಡಲು ನಲ್ಲಿ ಬಿಟ್ಟು ಬಂದ ಹಾಗೆ. ಎಲ್ಲವನ್ನೂ ನಿಲ್ಲಿಸಿದೆ.

"ಕಾಕೂ, ಬಂತ್ರೀ!" ಹಾಲಿನಿಂದ ಲಕ್ಷ್ಮೀ ಕೂಗಿದಳು.

ಸಂಜೆಯೊಳಗೆ ಕೆಲಸ ಪುಣೆಗೆ ಹೋಯಿತು, ಒಪ್ಪಿಗೆಯೂ ಬಂತು. ಬೆಣ್ಣೆಯ ಡಬ್ಬಿ ಹಿಡಿದು ಬಂದ ನಮ್ಮವರು ಸುದ್ದಿ ಕೇಳಿ ದೇವರಿಗೆ ಕೈ ಮುಗಿದರು.

"ನೋಡಿದ್ಯಾ? ಪೆಟ್ಟಿಗಿ ಅಲ್ಲಿ ಇಟ್ಟಾಂವ ನಾನ!"

ಅರಳಿದ ಆ ಮುಖ ನೋಡಿ ನಿಜ ಹೇಳಲು ಮನಸ್ಸಾಗಲಿಲ್ಲ. ಎಷ್ಟೆಂದರೂ ನನ್ನ ಕೆಲಸಕ್ಕಾಗಿಯೇ ಓಡಾಡಿದ್ದರು.

"ಹೌದ್ರೀ," ಎಂದೆ.

"ತಡಿ, ಈಗ ಸ್ಪೀಡ್ ಎಷ್ಟದ ನೋಡ್ತೀನಿ," ಎಂದು ಒಳಗೆ ಓಡಿದರು. ನಾನು ಬೆಣ್ಣೆ ಕಾಯಿಸಲು ಇಟ್ಟೆ.

"ಕುಂದಾ! ನನ್ನ ಕಂಪ್ಯೂಟರಿಗೆ ನೆಟ್ಟೇ ಬರವಲ್ದು!"

ಹೇಗೆ ಬಂದೀತು? ಅದಕ್ಕೆ ವೈ-ಫೈ ಹಿಡಿದುಕೊಡುವ ಬೆರಳುದ್ದದ ಕಡ್ಡಿ ನನ್ನ ಸೆರಗಿನ ಗಂಟಿನಲ್ಲಿತ್ತು.

"ನಾಳೆ ಅಕ್ಕಗ ತುಪ್ಪ ಕೊಟ್ಟು ಬರ್ರಿ," ಎಂದೆ. "ನೀವು ಖಾನಾಪುರಕ್ಕ ಹೋದ್ರ ನೆಟ್ ಛಲೋ ಬರ್ತದ."