ಸತ್ತವನು ಕಿವಿಗೊಟ್ಟಿದ್ದಾನೆ

ಬಾಯೊಳಗೆ ಮರಳು, ತುಟಿಯ ಮೇಲೆ ಇರುವೆ, ಹರಿಯಲಿ, ನಾನು ಸತ್ತಿದ್ದೇನೆ, ಸತ್ತವನು ಇರುವೆ ಒರೆಸಿಕೊಳ್ಳುವಂತಿಲ್ಲ, ಕ್ಯಾಮೆರಾ ಇನ್ನೂ ಕಿರುಗುಟ್ಟುತ್ತಿದೆ, ನಿರ್ದೇಶಕ ಹ್ಯಾಲೊರನ್ ಸಾಕು ಅನ್ನುವವರೆಗೆ ಕಣ್ಣು ತೆರೆಯುವಂತಿಲ್ಲ — ಬಿದ್ದಳು, ಚಿಸ್ಪಾ, ನನ್ನ ಕಂದು ಕುದುರೆ, ಗುರುತಿನ ಜಾಗದಲ್ಲೇ, ಕಾಲಿಗೆ ತಂತಿಯಿಲ್ಲದೆ, ಎಡ ಲಗಾಮಿನ ಒಂದೇ ಎಳೆತಕ್ಕೆ ಬಿದ್ದಳು, ಆದರೆ ಎದ್ದಳೇ? ಹದಿನಾಲ್ಕು ವರ್ಷದಿಂದ ಈ ಚಾಟ್ಸ್‌ವರ್ತ್ ಬಂಡೆಗಳ ನಡುವೆ ಸಿನಿಮಾಕ್ಕಾಗಿ ಸಾಯುತ್ತಿದ್ದೇನೆ, ದರೋಡೆಕೋರನಾಗಿ, ಕುಡುಕ ಅಡುಗೆಯವನಾಗಿ, ಒಮ್ಮೆ ನಾಯಕಿಯ ಲಂಗ ತೊಟ್ಟು ಸಾರೋಟಿನಿಂದ ಹಾರಿ ಮೂರು ಪಕ್ಕೆಲುಬು ಮುರಿದುಕೊಂಡು, ನಾಯಕ ಜಿಗಿಯುವಲ್ಲೆಲ್ಲ ಜಿಗಿದವನು ನಾನು, ಮುತ್ತಿಡುವಾಗ ಮಾತ್ರ ಅವನೇ, ಪರದೆಯ ಮೇಲೆ ನನ್ನ ಹೆಸರಿಲ್ಲ, ಇರಲಿ, ಕುದುರೆಗಳ ಹೆಸರು ಯಾರು ಬರೆದರು — ಅವುಗಳ ಮುಂಗಾಲಿಗೆ ತಂತಿ ಕಟ್ಟಿ, ಇನ್ನೊಂದು ತುದಿ ನೆಲದ ಗೂಟಕ್ಕೆ ಬಿಗಿದು, ನಾಗಾಲೋಟದಲ್ಲಿ ಓಡಿಸಿ, ತಂತಿ ಮುಗಿದಲ್ಲಿ ಕುದುರೆ ತಲೆಕೆಳಗು, ಕತ್ತು ಲಟಕ್, ಟಿಕೆಟ್ ಕೊಂಡ ದೇಶವೆಲ್ಲ ಚಪ್ಪಾಳೆ, ಹೋದ ವಾರವೊಂದರಲ್ಲೇ ಐದು ಕುದುರೆ ಸತ್ತವು, ನಮ್ಮೆಲ್ಲರ ಬಂದೂಕಿನಲ್ಲಿ ಬರೀ ಹೊಗೆ, ಲಾಯದ ಪರ್ಡಿಯೊಬ್ಬನದರಲ್ಲಿ ಮಾತ್ರ ನಿಜವಾದ ಗುಂಡು, ಕಾಲು ಮುರಿದು ಮೂರು ಕಾಲಲ್ಲಿ ನಿಂತ ಕುದುರೆಗಳಿಗಾಗಿ.

ಒಂಬತ್ತು ವಾರ ಒಣ ಹೊಳೆಯ ಮರಳಿನಲ್ಲಿ ಚಿಸ್ಪಾಗೆ ಬೀಳುವುದನ್ನು ಕಲಿಸಿದೆ, ತಂತಿ ಬಿಗಿಯುವ ತಿಬುರ್ಸಿಯೊ ಬೇಲಿಯ ಮೇಲೆ ಕೂತು ನಗುತ್ತಿದ್ದ, ಏನೋ ಫಕುಂದೊ, ಹೆಂಡ್ತೀನೇ ನಿನ್ ಮಾತು ಕೇಳಲ್ಲ, ಕುದುರೆ ಕೇಳತ್ತಾ ಅಂತ, ನಾನಂದೆ, ಹೆಂಡ್ತಿ ಮಾತು ನಾನು ಕೇಳ್ತೀನಿ ಕಣೋ, ಇದರದ್ದೂ ಕೇಳ್ತೀನಿ, ಅದಕ್ಕೇ ಇದು ಕೇಳತ್ತೆ — ಅದೇ ತಿಬುರ್ಸಿಯೊ ಈ ಬೆಳಿಗ್ಗೆ ತಂತಿ ತಂದಾಗ ನಾನು ಹ್ಯಾಲೊರನ್‌ಗೆ ಹೇಳಿಯೇಬಿಟ್ಟೆ, ತಂತಿ ಕಟ್ಟೋದಾದ್ರೆ ನೀವೇ ಹತ್ತಿ ಸಾಹೇಬ್ರೇ, ತಿಬುರ್ಸಿಯೊ ತಂತಿಯ ಸುರುಳಿಯನ್ನು ನೆಲಕ್ಕೆ ಬಿಟ್ಟ, ಒಬ್ಬ ಸವಾರ ಇಳಿದ, ಇನ್ನೊಬ್ಬ, ನಲವತ್ತು ಜೀನು ಖಾಲಿ, ಹ್ಯಾಲೊರನ್ ಚುರುಟು ಅಗಿಯುತ್ತಾ ಅಂದ, ತಂತಿ ಇಲ್ದೆ ಒಂದು ಸಲ ಬಿಡ್ತೀನಿ, ಅದು ಬೀಳದಿದ್ರೂ ಕಾಲು ಮುರ್ಕೊಂಡ್ರೂ ನಲವತ್ತಕ್ಕೂ ತಂತಿ, ನಿನಗೆ ಗೇಟಿನ ದಾರಿ — ಈಗ ಕಿವಿ ಮರಳಿಗೆ ಒತ್ತಿದೆ, ಒಂದು ಗೊರಸು ಊರಿತು, ಎರಡು, ಏದುಸಿರು, ಮೂರು, ಆಮೇಲೆ ಏನೂ ಇಲ್ಲ, ಪರ್ಡಿಯ ಬೂಟು ಹತ್ತಿರ ಬರುತ್ತಿದೆ, ತಡಿಯೋ ಪರ್ಡಿ, ಅವಳು ಯೋಚಿಸುತ್ತಿದ್ದಾಳೆ, ಹೊಳೆಯಲ್ಲೂ ಹೀಗೇ ಯೋಚಿಸುತ್ತಿದ್ದಳು, ಊರು ನನ್ನವ್ವ, ಊರು — ದಪ್, ಊರಿದಳು, ಬೂಟು ನಿಂತಿತು, ಅವಳು ನಡೆದಳು, ಕತ್ತಿಗೆ ಬಿಸಿ ಉಸಿರು, ಒದ್ದೆ ಮೂತಿ ನನ್ನ ಕಾಲರನ್ನು ಎಳೆಯುತ್ತಿದೆ, ನಗು ತಡೆಯಲಾಗುತ್ತಿಲ್ಲ, ಸತ್ತವನೇ ನಗಬೇಡವೋ, ರೀಲು ಹಾಳಾಯ್ತು, ಹ್ಯಾಲೊರನ್ ಕೂಗುತ್ತಿದ್ದಾನೆ, ಕೂಗಲಿ, ನಲವತ್ತು ಜನ ಟೋಪಿ ಎಸೆಯುತ್ತಿದ್ದಾರೆ, ನಾನು ಕಣ್ಣು ತೆರೆದಿದ್ದೇನೆ, ಎದುರಿಗೆ ಮರಳಿನಲ್ಲಿ ಗಟ್ಟಿಯಾಗಿ ಊರಿದ ಗೊರಸು, ನಾಲ್ಕು, ಮತ್ತೆ ಎಣಿಸುತ್ತೇನೆ, ನಾಲ್ಕು, ನಾಲ್ಕು